ಗಾಲಿ ಸರಿ, ಅಚ್ಚು ಸರಿ

ಮಾವ ದುಡಿದಷ್ಟು ಕಾಲವೂ ಲಿಫ್ಟ್ ಮೆಕ್ಯಾನಿಕ್ ಆಗಿದ್ದರು. ಕೆಟ್ಟು ನಿಂತ ಲಿಫ್ಟನ್ನು ಸರಿಮಾಡುವುದು ಅವರ ಕೆಲಸದಲ್ಲಿ ಸಣ್ಣ ಭಾಗ. ಕೆಡದೆ ಓಡುತ್ತಿರುವ ಲಿಫ್ಟನ್ನು ತಿಂಗಳಿಗೊಮ್ಮೆ ಹೋಗಿ ನೋಡಿಬರುವುದೇ ದೊಡ್ಡ ಭಾಗ. ಅದಕ್ಕೆ ಇಬ್ಬರು ಬೇಕು. ಒಬ್ಬ ಲಿಫ್ಟಿನ ನೆತ್ತಿಯ ಮೇಲೆ ಕೂತು ಬಾವಿಯಂಥ ಕತ್ತಲೊಳಗೆ ಮೆಲ್ಲಗೆ ಇಳಿಯುತ್ತಾನೆ, ಇನ್ನೊಬ್ಬ ಮೇಲೆ ಮೋಟರ್ ಕೋಣೆಯಲ್ಲಿರುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹಾಗಾಗಿ ಒಬ್ಬ ಕೂಗಬೇಕು, ಇನ್ನೊಬ್ಬ ಓಗೊಡಬೇಕು. "ಹಗ್ಗ?" "ಸರಿ." "ಬ್ರೇಕ್?" "ಸರಿ." ಉತ್ತರ ಬರದೆ ಮುಂದಿನದಕ್ಕೆ ಹೋಗುವ ಹಾಗಿಲ್ಲ.

ಮನೆಯಲ್ಲಿ ಮಾವನಿಗೆ ಇನ್ನೊಂದು ಹುಚ್ಚಿತ್ತು, ಮಾದರಿ ರೈಲು. ಆಟದ ರೈಲು ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಅಡುಗೆಮನೆಯ ಮೇಲಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಲಗೆ ಹಾಸಿ, ಅದರ ಮೇಲೆ ಹಳಿ, ನಿಲ್ದಾಣ, ಬೆರಳುಗುರಿನಷ್ಟು ಜನ, ಹಸಿರು ಬಳಿದ ಗುಡ್ಡ ಎಲ್ಲ ಮಾಡಿದ್ದರು. ಗಾಜಿನ ಬಾಗಿಲಿನ ಬೀರುವಿನಲ್ಲಿ ಅಂಗೈಯಷ್ಟುದ್ದದ ಎಂಜಿನ್‌ಗಳು ಸಾಲಾಗಿ ನಿಂತಿರುತ್ತಿದ್ದವು. ಪ್ರತಿ ತಿಂಗಳ ಮೊದಲ ಭಾನುವಾರ ಆ ಎಂಜಿನ್‌ಗಳ ತಪಾಸಣೆ. ಓಡಿಸಿರಲಿ ಬಿಡಲಿ, ಒಂದೊಂದನ್ನೂ ತೆಗೆದು, ತಲೆಕೆಳಗಾಗಿ ಸ್ಪಂಜಿನ ಮೇಲೆ ಮಲಗಿಸಿ, ಗಾಲಿಯಿಂದ ದೀಪದವರೆಗೆ ನೋಡುತ್ತಿದ್ದರು. ನೋಡುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಕೂಗುವವನೂ ಅವರೇ, ಓಗೊಡುವವನೂ ಅವರೇ. ಕೂಗುವಾಗ ದಪ್ಪ ದನಿ, ಉತ್ತರಿಸುವಾಗ ತೆಳ್ಳಗಿನ ದನಿ. ಅವರ ಜೊತೆಗಾರನ ದನಿ ಹಾಗೇ ತೆಳ್ಳಗಿತ್ತಂತೆ.

ಅತ್ತೆ ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಊಟಕ್ಕೆ ಕರೆಯಲು ಬಂದರೆ ಬಾಗಿಲಲ್ಲೇ ನಿಂತು, "ಬರ್ತೀರೋ, ಅಥವಾ ಅವರಿಗೂ ತಟ್ಟೆ ಹಾಕ್ಲೋ?" ಎಂದು ಕೇಳಿ ಹೊರಟುಬಿಡುತ್ತಿದ್ದರು. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಮನೆ ತೋರಿಸುತ್ತ, ಮೆಟ್ಟಿಲ ಕಡೆ ಕೈಮಾಡಿ, "ಮೇಲಿರೋರು ನನ್ನ ಸವತಿಯರು. ನಾನು ಮಾತಾಡಿಸಲ್ಲ, ನಿನಗೆ ಬೇಕಾದ್ರೆ ನೀನು ಮಾತಾಡ್ಸು," ಎಂದಿದ್ದರು. ನಗುತ್ತಲೇ ಹೇಳಿದ್ದರು. ಆದರೂ ಆ ನಗು ಎಲ್ಲೋ ಅರ್ಧಕ್ಕೆ ನಿಂತಂತೆ ಸೊಸೆಗೆ ಅನಿಸಿತ್ತು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಚೌಕಟ್ಟಿಗೆ ಗಾಜು ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿ ಮಾಡುವುದು, ಸಾಸಿವೆ ಕಾಳಿನಂಥ ಸ್ಕ್ರೂಗಳ ಜೊತೆ ದಿನವಿಡೀ ಗುದ್ದಾಡುವುದು ಅವಳ ಕೆಲಸ. ಮಾವ ಅವಳನ್ನು ಪ್ರೀತಿಯಿಂದ "ಏನಮ್ಮಾ ಕನ್ನಡಕ" ಎಂದು ಕರೆಯುತ್ತಿದ್ದರು. ಅದಕ್ಕಿಂತ ಹೆಚ್ಚು ಮಾತು ಅವರಿಬ್ಬರ ನಡುವೆ ಇರಲಿಲ್ಲ. ಮಾವ ಮೊದಲೇ ಮಿತಭಾಷಿ.

ಇದ್ದ ಆ ನಾಲ್ಕು ಮಾತೂ ಒಂದು ಬೆಳಿಗ್ಗೆ ಹೋಯಿತು. ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲೇ ಕುಸಿದರು. ಪಾರ್ಶ್ವವಾಯು ಎಂದರು. ಆಸ್ಪತ್ರೆಯಿಂದ ಮನೆಗೆ ಬರುವಾಗ ಕೋಲೂರಿ ನಡೆಯುವಷ್ಟಾಗಿದ್ದರು, ಆದರೆ ಬಲಗೈ ಮಡಿಲಲ್ಲಿ ಯಾರದೋ ಕೈಯಂತೆ ಬಿದ್ದಿರುತ್ತಿತ್ತು. ಮಾತು ನಿಂತಿರಲಿಲ್ಲ, ದಾರಿ ತಪ್ಪಿತ್ತು. ನೀರು ಬೇಕಾದರೆ "ಕಿಟಕಿ" ಎನ್ನುತ್ತಿದ್ದರು. ಸೊಸೆ "ಚಮಚ" ಆದಳು. ಅತ್ತೆಗೆ ಮಾತ್ರ ಯಾವ ಹೆಸರೂ ಬರುತ್ತಿರಲಿಲ್ಲ; ಅವರತ್ತ ನೋಡಿ, ತುಟಿ ಅಲ್ಲಾಡಿಸಿ, ಸುಮ್ಮನಾಗುತ್ತಿದ್ದರು. ಮಗನನ್ನು "ಸೋಮವಾರ" ಎಂದರು. ಮಗ ಸಿಟಿ ಬಸ್ಸಿನ ಡ್ರೈವರ್, ತಮಾಷೆಯ ಮನುಷ್ಯ. "ಅದೂ ಸೋಮವಾರಾನೇ ಆಗ್ಬೇಕಾ ಅಪ್ಪಾ? ಯಾರಿಗೂ ಬೇಡದ ದಿನ. ಶನಿವಾರನಾದ್ರೂ ಮಾಡು," ಎಂದ. ಮಾವ ನಕ್ಕರು. ಮಗ ಹಿತ್ತಿಲಿಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟು ಮುಖ ತೊಳೆದುಕೊಂಡ.

ವಾರಕ್ಕೆರಡು ಸಲ ಮಾತು ಕಲಿಸುವ ಟೀಚರ್ ಬರುತ್ತಿದ್ದರು. ಚಿತ್ರದ ಕಾರ್ಡು ಹಿಡಿದು, ಇದೇನು, ಅದೇನು ಎಂದು ಕೇಳುತ್ತಿದ್ದರು. ಕಾರ್ಡಿನಲ್ಲಿ ಎಲೆಕೋಸು, ಬೆಕ್ಕು, ಕುರ್ಚಿ. ತಾಳ್ಮೆಯ ಹೆಣ್ಣುಮಗಳು. ಒಂದು ಸಲ, "ಮನೇಲಿ ಅವರಿಗೆ ಇಷ್ಟ ಆಗೋದು ಏನಿದೆ? ಅದನ್ನ ಎದುರಿಗಿಡಿ. ಎಲೆಕೋಸಿನ ಮೇಲೆ ಯಾರಿಗೆ ಮಾತಾಡೋಕೆ ಮನಸ್ಸಾಗುತ್ತೆ?" ಎಂದು ಸೊಸೆಗೆ ಹೇಳಿ ಹೋದರು.

ಅದೇ ವಾರ, ಭಾನುವಾರ ಬೆಳಿಗ್ಗೆ, ಮಾವ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಎಡಗೈ ಕಂಬಿಯ ಮೇಲಿತ್ತು, ಕಣ್ಣು ಮೇಲಿತ್ತು. ಆ ಮನೆಯ ಮೆಟ್ಟಿಲು ಕಡಿದಾದದ್ದು, ಚೆನ್ನಾಗಿದ್ದವರೂ ಮಂಡಿ ಹಿಡಿದು ಹತ್ತುವಂಥದ್ದು.

"ಬನ್ನಿ, ಕೂತ್ಕೊಳ್ಳಿ," ಎಂದು ಅತ್ತೆ ಅವರ ತೋಳು ಹಿಡಿದರು. "ಊರಿನ ಜನಾನೆಲ್ಲ ಮೇಲಕ್ಕೆ ಹತ್ತಿಸಿದ್ರಿ. ಸ್ವಂತ ಮನೆಗೊಂದು ಲಿಫ್ಟ್ ಹಾಕ್ಬೇಕು ಅಂತ ಹೊಳೀಲಿಲ್ಲ ನೋಡಿ."

ಮಾವ ತೋಳು ಕೊಡವಿಕೊಂಡರು. ಏನೋ ಹೇಳಹೋದರು. "ಉಪ್ಪು," ಎಂದರು. ಅದಲ್ಲ ಎಂದು ಅವರಿಗೇ ಗೊತ್ತಾಗಿ ಮುಖ ಕೆಂಪಾಯಿತು. "ಉಪ್ಪು, ಉಪ್ಪು," ಎಂದು ಕಂಬಿಯನ್ನು ಬಡಿದರು.

ಇವತ್ತು ತಿಂಗಳ ಮೊದಲ ಭಾನುವಾರ ಎಂದು ಸೊಸೆಗೆ ಆಗ ನೆನಪಾಯಿತು. ಅವಳು ಯಾರನ್ನೂ ಕೇಳದೆ ಮೇಲೆ ಹೋದಳು. ಹಲಗೆಯ ಮೇಲೆ ತೆಳ್ಳಗೆ ಧೂಳು ಕೂತಿತ್ತು, ನಿಲ್ದಾಣದ ಪುಟ್ಟ ಜನರ ತಲೆ ಹೆಗಲು ಎಲ್ಲ ಬೂದು. ಬೀರು ತೆರೆದು ಒಂದು ಎಂಜಿನ್ ತೆಗೆದಳು. ಗಿಡ್ಡ, ಹೊಟ್ಟೆ ದಪ್ಪಗಿರುವ ಕಪ್ಪು ಎಂಜಿನ್. ಓಡುವಾಗ ಗುರುಗುಟ್ಟುತ್ತದೆ ಎಂದು ಮಾವ ಅದಕ್ಕೆ ಗೊಣಗಪ್ಪ ಎಂದು ಹೆಸರಿಟ್ಟಿದ್ದರು. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ತಂದಂತೆ ಕೆಳಗೆ ತಂದಳು. ಊಟದ ಮೇಜಿನ ಮೇಲೆ ಸ್ಪಂಜಿಟ್ಟು ಅದನ್ನು ಮಲಗಿಸಿದಳು.

"ಮಾವ, ನಿಮ್ಮ ಕೈ ನಾನು. ಹೇಳಿ, ಏನು ಮಾಡ್ಲಿ?"

ಮಾವ ಕುರ್ಚಿ ಎಳೆದುಕೊಂಡು ಕೂತರು. ಎಡಗೈಯ ತೋರುಬೆರಳಿಂದ ಗಾಲಿಯೊಂದನ್ನು ಮುಟ್ಟಿ ತಿರುಗಿಸಿದರು. ಅಚ್ಚಿಗೆ ಕೂದಲೆಳೆಯೊಂದು ಸುತ್ತಿಕೊಂಡಿತ್ತು. ಸೊಸೆ ಚಿಮುಟದಲ್ಲಿ ಅದನ್ನು ಬಿಡಿಸಿದಳು. ಹತ್ತಿಗೆ ಸ್ಪಿರಿಟ್ ಅದ್ದಿ ಗಾಲಿ ಒರೆಸಿದಳು. ಹತ್ತಿ ಕಾಡಿಗೆಯಂತೆ ಕಪ್ಪಾಯಿತು. ಮಾವ ತಲೆಯಾಡಿಸಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಅವಳಿಗೂ ಹುರುಪು ಬಂತು. ಮೇಲಿನ ಕವಚ ಬಿಚ್ಚಿ, ಮೋಟರಿನ ಪಕ್ಕದಲ್ಲಿದ್ದ ಒಂದು ಚಿಕ್ಕ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಚ್ಚಿದಳು. ಮಾವ ಮೇಜನ್ನು ತಟ್ಟಿದರು. ಬೇಡ ಎಂದೋ, ಮೆಲ್ಲಗೆ ಎಂದೋ ಅವಳಿಗೆ ತಿಳಿಯಲಿಲ್ಲ. "ಬೆಕ್ಕು," ಎಂದರು, ಗಾಬರಿಯಿಂದ. "ಬೆಕ್ಕು!"

ಮುಚ್ಚಳ ಬಿಟ್ಟುಕೊಂಡಿತು. ಒಳಗೆ, ಮೋಟರಿಗೆ ವಿದ್ಯುತ್ ಮುಟ್ಟಿಸುವ ಬ್ರಷ್ಷನ್ನು ಒತ್ತಿಹಿಡಿದಿದ್ದ ಸ್ಪ್ರಿಂಗ್ ಟಣ್ಣೆಂದು ಹಾರಿತು.

ಮೂವರೂ ಹುಡುಕಿದರು. ಸೊಸೆ ಮಂಡಿಯೂರಿ ಟಾರ್ಚ್ ಹಿಡಿದಳು, ಅತ್ತೆ ಪೊರಕೆ ತಂದರು, ಮಾವ ಕೂತಲ್ಲಿಂದಲೇ ಕೋಲಿನಿಂದ ಮೇಜಿನಡಿ ಕೆದಕಿದರು. ಎರಡು ಗುಂಡಿ, ಒಂದು ಕ್ಲಿಪ್ಪು, ಯಾವಾಗಲೋ ಕಳೆದಿದ್ದ ಕಿವಿಯೋಲೆಯ ತಿರುಪು ಸಿಕ್ಕಿದವು. ಸ್ಪ್ರಿಂಗ್ ಮಾತ್ರ ಸಿಗಲಿಲ್ಲ. ಅಂಗಡಿಯಲ್ಲಾದರೆ ಟ್ರೇ ಇಲ್ಲದೆ, ಟ್ರೇಯಲ್ಲಿ ಬಟ್ಟೆ ಹಾಸದೆ ಅವಳು ಒಂದು ಸ್ಕ್ರೂ ಬಿಚ್ಚುತ್ತಿರಲಿಲ್ಲ. ಮನೆಯೆಂದು ಸದರ ಮಾಡಿಕೊಂಡೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು.

"ತಪ್ಪಾಯ್ತು ಮಾವ."

ಮಾವ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಡಗೈಯಿಂದ ಎಂಜಿನ್ನನ್ನು ಮೆಲ್ಲಗೆ ದೂರ ಸರಿಸಿ, ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮುಂದಿನ ದಿನಗಳಲ್ಲಿ ಟೀಚರ್ ಬಂದರೂ ಬಾಯಿ ಬಿಡಲಿಲ್ಲ. ಸೊಸೆ ಇನ್ನೊಂದು ಎಂಜಿನ್ ತಂದಿಟ್ಟರೆ ಕಣ್ಣು ಮುಚ್ಚಿಕೊಂಡರು.

ಅತ್ತೆ ಒಂದು ನಿರ್ಧಾರಕ್ಕೆ ಬಂದರು. "ಅವನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿಬಿಡೋಣ," ಎಂದರು ಮಗನಿಗೆ. "ಕಣ್ಣೆದುರಿಗಿದ್ರೆ ತಾನೇ ಹೊಟ್ಟೆ ಉರಿಯೋದು? ಮುಟ್ಟೋಕಾಗದೇ ಇರೋದನ್ನ ನೋಡ್ತಾ ಕೂರೋದು ಬೇಡ."

"ಅಪ್ಪನ್ನ ಕೇಳೋದು ಬೇಡ್ವಾ?"

"ಕೇಳಿದ್ರೆ ಏನು ಹೇಳ್ತಾರೆ? ಉಪ್ಪು ಅಂತಾರೆ."

ಅತ್ತೆಯ ದನಿ ಒಡೆಯಿತು. ಮಾರನೆಯ ದಿನ ಮಗ ಡಿಪೋದಿಂದ ಬರುವಾಗ ರಟ್ಟಿನ ಪೆಟ್ಟಿಗೆಗಳನ್ನು ತಂದ.

ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮೇಲಿನ ಕೋಣೆಗೆ ಹೋದರು. ಮಾವ ಕೆಳಗೆ ಅಡುಗೆಮನೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದರು, ಎದುರಿಗೆ ಆರುತ್ತಿರುವ ಚಹಾ. ಅತ್ತೆ ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತರು. ಆಮೇಲೆ ಬೇರೆಯವರ ಮನೆಗೆ ಹೋಗುವವರಂತೆ ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದರು. ಹಲಗೆಯ ಮೇಲಿನ ಊರನ್ನು ಒಂದು ಸುತ್ತು ನೋಡಿದರು. "ಇಷ್ಟೊಂದು ಮಾಡಿದಾರಾ," ಎಂದರು, ಯಾರಿಗೂ ಅಲ್ಲ.

ಸೊಸೆ ಬೀರುವಿನಿಂದ ತೆಗೆದು ಕೊಡುತ್ತಿದ್ದಳು, ಅತ್ತೆ ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ಹಸಿರು ಎಂಜಿನ್, ಕೆಂಪು ಪಟ್ಟಿಯದು, ಉದ್ದ ಮೂತಿಯದು. ಸುತ್ತುವ ಮುಂಚೆ ಅತ್ತೆ ಪ್ರತಿಯೊಂದನ್ನೂ ತಲೆಕೆಳಗು ಮಾಡಿ ಬೆರಳಾಡಿಸುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಸೊಸೆ ಮೊದಲು ಗಮನಿಸಲಿಲ್ಲ. ಆಮೇಲೆ ಅವಳ ಕೈ ಬೀರುವಿನಲ್ಲೇ ನಿಂತಿತು.

"ಗಾಲಿ? ಸರಿ. ಅಚ್ಚು? ಸರಿ. ಗೇರ್? ಸರಿ..." ಅತ್ತೆ ಗುನುಗುತ್ತಿದ್ದರು. ಕೂಗಿಗೆ ದಪ್ಪ ದನಿ, ಉತ್ತರಕ್ಕೆ ತೆಳ್ಳಗಿನ ದನಿ.

"ಅತ್ತೆ, ಏನು ಹೇಳ್ತಿದೀರಾ?"

ಅತ್ತೆ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ತಲೆ ಎತ್ತಿದರು. "ನಾನಾ? ಏನಿಲ್ಲ."

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಗೊತ್ತಾಗ್ದೆ ಇನ್ನೇನು? ಅಡುಗೆಮನೆ ಕೆಳಗೇ ಇದೆ. ಈ ನೆಲದ ಹಲಗೆ ಸಂದಿನಲ್ಲಿ ಒಂದು ಸೂಜಿ ಬಿದ್ರೂ ಕೇಳುತ್ತೆ. ಪ್ರತಿ ತಿಂಗಳೂ ಇದೇ ಪುರಾಣ. ತರಕಾರಿ ಹೆಚ್ತಾ ಕೇಳಿದೀನಿ, ಪಾತ್ರೆ ತೊಳೀತಾ ಕೇಳಿದೀನಿ. ಗೇರ್ ಅಂದ್ರೆ ಸ್ಟೌವ್ ಸಣ್ಣ ಮಾಡ್ತಿದ್ದೆ, ದೀಪ ಅಂದ್ರೆ ಅನ್ನ ಆಗಿರೋದು. ಅಷ್ಟು ಲೆಕ್ಕ." ಅತ್ತೆ ಪೇಪರನ್ನು ಸುಮ್ಮಸುಮ್ಮನೆ ಮಡಿಸಿದರು. "ಒಂದೊಂದ್ ಸಲ ಅವರಿಗಿಂತ ಮೊದಲು ನಾನೇ ಹೇಳಿಬಿಡ್ತಿದ್ದೆ, ಮನಸ್ಸಲ್ಲಿ."

"ಅವರಿಗೆ ಹೇಳಿಲ್ವಾ?"

"ಏನಂತ ಹೇಳ್ಲಿ? ಹೋಗ್ಲಿ ಬಿಡು. ಆ ಉದ್ದ ಮೂತೀದು ಕೊಡು." ತೆಗೆದುಕೊಂಡರು, ತಿರುವಿ ಹಾಕಿದರು, ಕೈ ತನ್ನ ಪಾಡಿಗೆ ಗಾಲಿಯ ಮೇಲೆ ಹೋಯಿತು. "ಗಾಲಿ?" ಎಂದರು.

"ಸರಿ."

ಅತ್ತೆಯ ತುಟಿ ಅಲ್ಲಾಡಿರಲಿಲ್ಲ. ಸೊಸೆಯೂ ಹೇಳಿರಲಿಲ್ಲ. ದನಿ ಕೆಳಗಿನಿಂದ, ಹಲಗೆಯ ಸಂದಿನಿಂದ ಬಂದಿತ್ತು. ಗೊಗ್ಗರಾಗಿತ್ತು, ಆದರೆ ಸ್ಪಷ್ಟವಾಗಿತ್ತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಹೇಳಿ ಅತ್ತೆ," ಎಂದು ಸೊಸೆ ಪಿಸುಗುಟ್ಟಿದಳು. "ಮುಂದಿಂದು ಹೇಳಿ."

"ಅಚ್ಚು?" ಎಂದು ಅತ್ತೆ ಸ್ವಲ್ಪ ಜೋರಾಗಿ ಕೂಗಿದರು.

"ಸರಿ."

"ಗೇರ್?"

"ಸರಿ."

ಅತ್ತೆ ಎಂಜಿನ್ನನ್ನು ಎದೆಗೊತ್ತಿಕೊಂಡರು. ಕೆಳಗಿನವರು ಕಾದರು. ಕುರ್ಚಿ ಕಿರುಗುಟ್ಟಿತು. ಅತ್ತೆಯ ದನಿ ಬಾರದಿದ್ದಾಗ ಅವರೇ ಕೂಗಿದರು. "ಬ್ರಷ್?"

ಬೆಕ್ಕಲ್ಲ, ಉಪ್ಪಲ್ಲ, ಬ್ರಷ್. ಅತ್ತೆ ನೆಲದ ಮೇಲೆ ಕೂತುಬಿಟ್ಟರು. ಹಲಗೆಯ ಸಂದಿನ ಹತ್ತಿರ ಬಾಯಿ ತಂದು, "ಸರಿ," ಎಂದರು. "ಸರಿ ರೀ." ಕಣ್ಣೀರು ಕೆನ್ನೆಯಿಂದ ಇಳಿದು ಎಂಜಿನ್ನಿನ ಮೇಲೆ ಬಿತ್ತು. ಸೊಸೆ ಅಭ್ಯಾಸಬಲದಿಂದ ಬಟ್ಟೆ ತೆಗೆದು ಮೊದಲು ಎಂಜಿನ್ ಒರೆಸಿದಳು, ಆಮೇಲೆ ಅತ್ತೆಯ ಕೆನ್ನೆ.

ಸ್ಪ್ರಿಂಗ್, ಕೊಂಡಿ, ದೀಪ. ಕೊನೆಯವರೆಗೂ ಹೋದರು. ಒಮ್ಮೆ ಮೇಲಿನಿಂದ ಕೂಗು, ಒಮ್ಮೆ ಕೆಳಗಿನಿಂದ.

ಟೀಚರಿಗೆ ಹೇಳಿದಾಗ ಅವರು ತಮ್ಮ ಕಾರ್ಡುಗಳನ್ನು ಚೀಲಕ್ಕೆ ಹಾಕಿ, ಪೂರ್ತಿ ಕಥೆಯನ್ನು ಎರಡು ಸಲ ಕೇಳಿದರು. "ಬಾಯಿಪಾಠ ಆಗಿರೋದು ಬೇರೆ ದಾರೀಲಿ ಬರುತ್ತೆ," ಎಂದರು. "ಎಣಿಕೆ, ಹಾಡು, ಹೀಗೇ ದಿನಾ ಹೇಳಿ ಹೇಳಿ ಕೂತಿರೋ ಮಾತು. ಎಲ್ಲ ಮಾತೂ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಆದ್ರೆ ಒಂದು ಬಾಗಿಲು ತೆಗೆದಿದೆ. ಅದನ್ನ ಮುಚ್ಚೋಕೆ ಬಿಡ್ಬೇಡಿ. ಒಂದೊಂದು ಮಾತು ಹೇಳುವಾಗ್ಲೂ ಆ ವಸ್ತು ಕೈಯಲ್ಲಿರ್ಲಿ."

ಪೆಟ್ಟಿಗೆಗಳು ಖಾಲಿಯಾದವು. ತಿಂಗಳಿಗೊಮ್ಮೆ ಇದ್ದ ತಪಾಸಣೆ ದಿನಕ್ಕೊಂದು ಎಂಜಿನ್ನಿನಂತೆ ಊಟದ ಮೇಜಿಗೆ ಬಂತು. ಈ ಸಲ ಸೊಸೆ ಅಂಗಡಿಯಿಂದ ಟ್ರೇ ತಂದಿದ್ದಳು, ಅದರೊಳಗೆ ಬಿಳಿ ಬಟ್ಟೆ ಹಾಸಿದ್ದಳು. ಕೂಗುವುದು ಅತ್ತೆಯ ಪಾಲು, ಒಲೆಯ ಮುಂದೆ ನಿಂತೇ. ಮಾವ ಬೆರಳಿಟ್ಟು ತೋರಿಸಿ ಉತ್ತರ ಕೊಡುತ್ತಿದ್ದರು. ಸೊಸೆ ಅವರ ಬಲಗೈ. ಕೆಲವು ದಿನ ಮಾವ "ಸರಿ" ಎನ್ನುವ ಬದಲು ಸುಮ್ಮನಿರುತ್ತಿದ್ದರು. ಆಗ ಎಲ್ಲರೂ ಬಗ್ಗಿ ನೋಡಬೇಕು. ಏನೋ ಸರಿಯಿಲ್ಲ ಎಂದರ್ಥ. ಗಾಲಿಯ ಹಿಂಬದಿಯಲ್ಲಿ ವಿದ್ಯುತ್ ಮುಟ್ಟಿಸುವ ತಾಮ್ರದ ಪಟ್ಟಿ ಬಾಗಿರುತ್ತಿತ್ತು, ಇಲ್ಲವೇ ಗೇರಿನ ಹಲ್ಲಿನಲ್ಲಿ ಹಳೆಯ ಗ್ರೀಸು ಅಂಟಿನಂತೆ ಗಟ್ಟಿಯಾಗಿರುತ್ತಿತ್ತು. ಸೊಸೆ ಅದನ್ನು ಕಡ್ಡಿಯಿಂದ ಕೆರೆದು, ಸೂಜಿ ತುದಿಯಲ್ಲಿ ಒಂದೇ ಹನಿ ಎಣ್ಣೆ ಬಿಡುತ್ತಿದ್ದಳು. ಎರಡನೆಯ ಹನಿಗೆ ಕೈ ಹೋದರೆ ಮಾವ ಅವಳ ಮಣಿಕಟ್ಟು ಹಿಡಿಯುತ್ತಿದ್ದರು.

ಎಣ್ಣೆ ಮಾತ್ರ ಅವರ ಬಾಯಲ್ಲಿ ಎಣ್ಣೆ ಆಗಲೇ ಇಲ್ಲ. ಉಪ್ಪಾಗಿಯೇ ಉಳಿಯಿತು. ಅಂದು ಮೆಟ್ಟಿಲ ಬುಡದಲ್ಲಿ ಕೇಳಿದ್ದು ಅದನ್ನೇ ಎಂದು ಆಗ ಗೊತ್ತಾಯಿತು. ಮನೆಯವರೂ ಹಾಗೇ ಕರೆಯತೊಡಗಿದರು. "ಗಾಲಿಗೆ ಉಪ್ಪು ಬಿಟ್ಟಾಯ್ತಾ?" ಎಂದು ಮಗ ಕೆಲಸಕ್ಕೆ ಹೊರಡುವಾಗ ಕೇಳುತ್ತಿದ್ದ. "ರುಚಿ ನೋಡಿ ಹಾಕಿ."

ಗೊಣಗಪ್ಪ ಒಬ್ಬ ಮಾತ್ರ ಬದಿಗೆ ಬಿದ್ದಿದ್ದ. ಸ್ಪ್ರಿಂಗ್ ಇಲ್ಲದೆ ಅವನು ಓಡುವಂತಿರಲಿಲ್ಲ. ಅದನ್ನು ಮಾಡಿದ ಕಂಪನಿ ಈಗಿಲ್ಲ, ಬಿಡಿಭಾಗ ಸಿಗುವುದಿಲ್ಲ. ಸೊಸೆಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಕೆಲವು ಕನ್ನಡಕದ ಕಡ್ಡಿಯ ಕೀಲಿನೊಳಗೆ ಸಣ್ಣ ಸ್ಪ್ರಿಂಗ್ ಇರುತ್ತದೆ. ಅಂಗಡಿಯ ಮಾಲೀಕರನ್ನು ಕೇಳಿ, ಮುರಿದುಬಿದ್ದ ಚೌಕಟ್ಟುಗಳಿಂದ ಅಂಥವನ್ನು ಬಿಡಿಸಿ ಡಬ್ಬಿಯಲ್ಲಿ ಹಾಕಿಕೊಂಡು ಬಂದಳು. ಒಂದು ದಪ್ಪ, ಒಂದು ಗಿಡ್ಡ, ಒಂದು ತುಕ್ಕು. ಕೊನೆಗೊಂದು ಕೂತಿತು. ಮೇಜಿನ ಮೇಲೆ ಹಳಿಯ ತುಂಡೊಂದನ್ನು ಇಟ್ಟು, ಗೊಣಗಪ್ಪನನ್ನು ನಿಲ್ಲಿಸಿ ಗುಂಡಿ ತಿರುಗಿಸಿದಳು.

ಎಂಜಿನ್ ಹೊರಟಿತು. ಸೊಸೆಗೆ ಖುಷಿಯಿಂದ ಚಪ್ಪಾಳೆ ತಟ್ಟುವಂತಾಯಿತು. ಮಾವ ಮಾತ್ರ ಕಿವಿಯನ್ನು ಮೇಜಿಗೆ ತಂದು ಕಣ್ಣು ಮುಚ್ಚಿದರು. ಗೊಣಗಪ್ಪ ಗೊಣಗುತ್ತಿರಲಿಲ್ಲ, ಕೀರಲು ದನಿಯಲ್ಲಿ ಅಳುತ್ತಿದ್ದ. ಮಾವನ ಹಣೆ ಗಂಟಿಕ್ಕಿತು. ತುಟಿ ಒದ್ದಾಡಿತು. ಅತ್ತೆ ಒಲೆ ಆರಿಸಿದರು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಟೀಚರ್ ಹಾಗೆ ಹೇಳಿದ್ದರು, ಕಾಯಿರಿ, ಬಾಯಿಗೆ ಮಾತು ತುರುಕಬೇಡಿ ಎಂದು.

"ಬಿಗಿ," ಎಂದರು ಮಾವ.

ಅದು ಬಾಯಿಪಾಠದ ಮಾತಲ್ಲ. ಆ ಸಾಲಿನಲ್ಲಿ ಎಲ್ಲೂ ಬರುವ ಮಾತಲ್ಲ. ಸೊಸೆ ಮುಂದಕ್ಕೆ ಬಾಗಿ ಕೇಳಿದಳು. "ಸ್ಪ್ರಿಂಗ್ ಬಿಗಿ ಆಯ್ತಾ ಮಾವ?"

"ಬಿಗಿ. ಒಂದು..." ಎಡಗೈಯ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರು. "ಒಂದು ಸುತ್ತು."

ಸೊಸೆ ಒಂದು ಸುತ್ತು ಕತ್ತರಿಸಿದಳು. ಗೊಣಗಪ್ಪ ಹಳಿಗೆ ಹೋಗಿ ಗುರುಗುಟ್ಟತೊಡಗಿದ. ಹಳೆಯ ಗುರುಗುಟ್ಟುವಿಕೆ. ಮಾವ ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲೆ, ಎಂಜಿನ್ನಿನ ಪಕ್ಕ ಇಟ್ಟರು, ಅದಕ್ಕೂ ನಡುಕ ತಾಗಲಿ ಎಂಬಂತೆ. ಆಮೇಲೆ ಸೊಸೆಯ ತಲೆಯನ್ನು ಒಮ್ಮೆ ತಟ್ಟಿದರು. "ಚಮಚ," ಎಂದರು. ಅವಳಿಗೆ ಆ ಹೆಸರು ಆಗಲೇ ಒಗ್ಗಿಹೋಗಿತ್ತು.

ಮೆಟ್ಟಿಲು ಹತ್ತಲು ಮಾವನಿಗೆ ಬೇಸಿಗೆ ಮುಗಿಯುವವರೆಗೆ ಹಿಡಿಯಿತು. ಮಗ ಮೆಟ್ಟಿಲಿನ ಗೋಡೆಯ ಕಡೆಗೂ ಒಂದು ಕಂಬಿ ಹಾಕಿಸಿದ. ಮೊದಮೊದಲು ಮಾವ ಕೂತುಕೊಂಡು, ಮಗು ಹತ್ತುವ ಹಾಗೆ ಹಿಂದು ಹಿಂದಕ್ಕೆ ಏರಿದರು. ಅರ್ಧಕ್ಕೆ ನಿಂತು ಇಳಿದ ದಿನಗಳೂ ಇದ್ದವು. ಒಂದು ಭಾನುವಾರ ಎಡಗೈಯಲ್ಲಿ ಕಂಬಿ ಹಿಡಿದು, ಹಿಂದೆ ಮಗನನ್ನು ಬೆಂಗಾವಲಿಟ್ಟುಕೊಂಡು ಮೇಲೆ ಹೋದರು. ಸೊಸೆ ಮುಂಚೆಯೇ ಹೋಗಿ ಧೂಳು ಒರೆಸಿ, ನಿಲ್ದಾಣದ ಜನರನ್ನೆಲ್ಲ ಬ್ರಷ್ಷಿನಿಂದ ತಲೆಬಾಚಿದಂತೆ ಶುಚಿ ಮಾಡಿದ್ದಳು. ಮಾವ ತಮ್ಮ ಕುರ್ಚಿಯಲ್ಲಿ ಕೂತು ಹಲಗೆಯ ಅಂಚನ್ನು ಹಿಡಿದುಕೊಂಡರು.

ಅತ್ತೆ ಚಹಾ ತಂದು ಬಾಗಿಲಲ್ಲಿ ನಿಂತರು. ಪೆಟ್ಟಿಗೆ ಕಟ್ಟಲು ಬಂದ ದಿನ ಒಳಗೆ ಬಂದಿದ್ದರು ನಿಜ, ಆದರೆ ಮಾವ ಅಲ್ಲಿ ಕೂತಿರುವಾಗ ಒಳಗೆ ಕಾಲಿಟ್ಟವರಲ್ಲ. ಕೈ ಮಾತ್ರ ಚಾಚಿ ಲೋಟವನ್ನು ಸೊಸೆಗೆ ಕೊಟ್ಟು ತಿರುಗಿದರು.

"ಬಾ," ಎಂದರು ಮಾವ.

ಅತ್ತೆ ನಿಂತರು. ಮಾವ ನೆಟ್ಟಗಿರುವ ಕಾಲಿನಿಂದ ಪಕ್ಕದ ಸ್ಟೂಲನ್ನು ಎಳೆದರು. ಅದು ನೆಲಕ್ಕೆ ಉಜ್ಜಿ ಕರಕರ ಎಂದಿತು. "ಬಾ. ಕೂತ್ಕೋ."

ಅತ್ತೆ ಬಂದು ಕೂತರು, ಸ್ಟೂಲಿನ ತುದಿಯಲ್ಲಿ. ಹಳಿಯ ಕಡೆ ನೋಡುತ್ತಲೇ ಕೇಳಿದರು. "ಇಷ್ಟು ವರ್ಷ ಯಾಕೆ ಒಂದು ಸಲಾನೂ ಕರೀಲಿಲ್ಲ?"

ಮಾವ ಮಾತಿಗೆ ತಡಕಾಡಿದರು. ಅದು ಎಲ್ಲೋ ಕಪಾಟಿನ ಹಿಂದೆ ಬಿದ್ದಂತೆ, ಕೈಗೆ ಸಿಕ್ಕು ಜಾರಿದಂತೆ ಅವರ ಮುಖ ಆಗುತ್ತಿತ್ತು. ಅತ್ತೆ ಕಾದರು. "ನಿನಗೆ... ಸಿಟ್ಟು," ಎಂದರು ಕೊನೆಗೆ.

"ಸಿಟ್ಟಿತ್ತು. ಇಲ್ಲ ಅನ್ನಲ್ಲ." ಅತ್ತೆ ಅವರ ಬಲಗೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ. "ಕರೆದಿದ್ರೆ ಬರ್ತಿದ್ದೆ. ಬಂದು ನಾಲ್ಕು ಮಾತು ಬೈದು, ಆಮೇಲೆ ಕೂತ್ಕೋತಿದ್ದೆ."

ಮಾವನ ಭುಜ ಕುಲುಕಿತು. ನಗುತ್ತಿದ್ದರು. ಅತ್ತೆಗೂ ನಗು ಬಂತು. ಸೊಸೆ ಗಂಡನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಇಬ್ಬರೂ ಚಹಾ ಲೋಟ ಹಿಡಿದುಕೊಂಡು ಕೆಳಗಿಳಿದರು.

ಮಾವನ ಕೈ ಆಮೇಲೂ ಸರಿಹೋಗಲಿಲ್ಲ. ಮಾತು ಬಂದಷ್ಟು ಬಂತು. ದಣಿವಾದ ದಿನ ಕಿಟಕಿ ಕುಡಿಯಲು ಕೇಳುತ್ತಿದ್ದರು, ಮಗ ಸೋಮವಾರದಿಂದ ಬುಧವಾರಕ್ಕೆ ಬಡ್ತಿ ಪಡೆದ. ಅತ್ತೆ ಬೆಳಗಿನ ಕೆಲಸ ಮುಗಿಸಿ ಮೇಲೆ ಹೋಗುವುದು ರೂಢಿಯಾಯಿತು. ಸೊಸೆಗೆ ಬಿಡುವಿಲ್ಲದ ದಿನ ಸ್ಕ್ರೂಡ್ರೈವರನ್ನೂ ಅವರೇ ಹಿಡಿಯುತ್ತಿದ್ದರು. ಕೊಂಡಿಯನ್ನು ಉಲ್ಟಾ ಕೂರಿಸಿ, ಇದನ್ನು ಮಾಡಿದವನಿಗೇ ಬುದ್ಧಿಯಿಲ್ಲ ಎನ್ನುತ್ತಿದ್ದರು.

ಅಂಗಡಿಯಿಂದ ಬೇಗ ಬಂದ ಒಂದು ಸಂಜೆ ಸೊಸೆ ಬೀಗದ ಕೈ ಮೇಜಿನ ಮೇಲಿಟ್ಟು ಅಡುಗೆಮನೆಯಲ್ಲಿ ನಿಂತಳು. ಮೇಲೆ ಎಂಜಿನ್ ಓಡುವ ಸದ್ದು, ಹಳಿಯ ತಿರುವಿನಲ್ಲಿ ಟಕಟಕ, ಆಮೇಲೆ ಏನೋ ಉರುಳಿದ ಶಬ್ದ.

"ನಿಧಾನ," ಎಂದಿತು ಮಾವನ ದನಿ.

"ನಿಧಾನವಾಗೇ ಬಿಟ್ಟಿದ್ದೆ. ನಿಮ್ಮ ಹಳೀನೇ ಸೊಟ್ಟಗಿದೆ."

"ಹಳಿ ಸರಿ. ಕೈ..." ಮಾವ ನಿಲ್ಲಿಸಿದರು. ಸೊಸೆ ಲೋಟ ತೊಳೆಯುವುದನ್ನು ಬಿಟ್ಟು ಕಿವಿಗೊಟ್ಟಳು. "ಕೈ ಜೋರು."

"ಓಹೋ, ಕೈ ಜೋರಾ? ಎತ್ತಿ ಕೊಡಿ ಅದನ್ನ ಇಲ್ಲಿ. ಈ ಸಲ ನೋಡಿ."

ಮತ್ತೆ ಸದ್ದು ಶುರುವಾಯಿತು, ಮೊದಲಿಗಿಂತ ತುಂಬ ಮೆತ್ತಗೆ. ಸೊಸೆ ಚಹಾಕ್ಕೆ ನೀರಿಟ್ಟಳು.